ಒಂದೇ ಸಲ ಕೇಳಿದ ಕಂಪನಿ

ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಪ್ಲೇಸ್‌ಮೆಂಟ್ ಆಫೀಸರ್ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?" ಎಂದು ಕೇಳಿದಳು. "ಒಳ್ಳೆ ಅಡುಗೆಯವರು ಬೇಕು" ಎಂದೆ. ನಿವೃತ್ತಿಯಾದ ಮೇಲೆ ಮೇಡಂಗೆ ತಮಾಷೆ ಜಾಸ್ತಿಯಾಗಿದೆ ಎಂದುಕೊಂಡಳೇನೋ, ಪಾಪ, ಮರ್ಯಾದೆಗೆ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಫೋನಿನಲ್ಲಿ ಬಿಡಿಸಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಬರುವವರು ಓದಿಕೊಳ್ಳಲಿ. ಓದದಿದ್ದರೆ ಅವರೂ ನನ್ನ ಹಾಗೆಯೇ ಪೆಟ್ಟು ತಿಂದು ಕಲಿಯುತ್ತಾರೆ, ಅಷ್ಟೆ.

ನಮ್ಮದು ಹಾಸನದ ಊರಾಚೆ ಇರುವ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಹೆಸರು ಬೇಡ. ನಾನು ಅರಕಲಗೂಡಿನ ಕಡೆಯವಳು, ಅಲ್ಲಿ ಸೇರಿದ್ದು ಡ್ರಾಯಿಂಗ್ ಹೇಳಿಕೊಡುವುದಕ್ಕೆ. ಒಂದು ದಿನ ಪ್ರಿನ್ಸಿಪಾಲರು ಕರೆದು, "ಸರೋಜಮ್ಮ, ನಿಮ್ಮ ಗಂಟಲು ಮೂರನೇ ಮಹಡಿಗೂ ಕೇಳಿಸುತ್ತೆ. ಕಂಪನಿಯವರ ಹತ್ತಿರ ಇನ್ನು ಮುಂದೆ ನೀವೇ ಮಾತಾಡಿ" ಎಂದರು. ನನ್ನ ಅರ್ಹತೆ ಇಷ್ಟೆ. ಹುಡುಗರನ್ನು ಕೆಲಸಕ್ಕೆ ಸೇರಿಸುವ ಆಫೀಸಿಗೆ ನನ್ನನ್ನು ಸೇರಿಸುವಾಗ ಯಾರೂ ಒಂದು ಸಂದರ್ಶನ ಕೂಡ ಮಾಡಲಿಲ್ಲ.

ಮೊದಲು ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಹೊರಗಿನಿಂದ ಬಂದು ಈ ಕುರ್ಚಿಯಲ್ಲಿ ಕೂರುವವರಿಗೆ ಅದು ಗೊತ್ತಿರುವುದಿಲ್ಲ. ಅರಕಲಗೂಡಾಗಲಿ, ಹೊಳೆನರಸೀಪುರವಾಗಲಿ, ಚನ್ನರಾಯಪಟ್ಟಣವಾಗಲಿ, ನಮ್ಮ ಜನ ಮೊದಲನೇ ಸಲ ಕೇಳಿದ್ದಕ್ಕೆ ಹೂಂ ಎನ್ನುವುದಿಲ್ಲ. "ಕಾಫಿ ಕುಡೀತೀರಾ?" ಎಂದರೆ "ಅಯ್ಯೋ ಬ್ಯಾಡಿ, ಈಗ್ ತಾನೆ ಕುಡ್ಕಂಡ್ ಬಂದೆ" ಎನ್ನಬೇಕು. ಕುಡಿದು ಬಂದಿರುವುದಿಲ್ಲ. "ಒಂದ್ ಲೋಟ ಕುಡೀರಿ" ಎಂದು ಎರಡನೇ ಸಲ ಕೇಳಿದರೆ "ಬ್ಯಾಡ ಬುಡಿ, ನಿಮಗ್ಯಾಕೆ ತೊಂದ್ರೆ" ಎನ್ನಬೇಕು. ಮೂರನೇ ಸಲ ಮನೆಯವರು ಒಂಚೂರು ಸಿಟ್ಟು ತಂದುಕೊಂಡು "ಏ, ಕುಡೀರಿ ಅಂದ್ರೆ!" ಎಂದಾಗ "ಅಂಗಾರೆ ಅರ್ಧ ಲೋಟ ಕೊಡಿ" ಎನ್ನಬೇಕು. ತುಂಬಿದ ಲೋಟವೇ ಬರುತ್ತದೆ, ಪೂರ್ತಿ ಕುಡಿಯುತ್ತೇವೆ. ಮೊದಲನೇ ಸಲಕ್ಕೇ ಹೂಂ ಎಂದರೆ ಕಾಫಿ ತಿಂಡಿ ಕಂಡಿಲ್ಲದ ಮನೆಯಿಂದ ಬಂದವರು. ಒಂದೇ ಸಲ ಕೇಳಿ ಸುಮ್ಮನಾದರೆ ಕೊಡುವ ಮನಸ್ಸಿಲ್ಲದವರು. ಮೂರನೇ ಸಲ ಹೇಳಿದ ಮಾತೇ ನಿಜವಾದ ಮಾತು. ಚಿಕ್ಕವಳಿದ್ದಾಗ ನೆಂಟರ ಮನೆಯಲ್ಲಿ ಮೊದಲನೇ ಸಲಕ್ಕೇ ಚಕ್ಕುಲಿಗೆ ಕೈ ಚಾಚಿ ನನ್ನ ಅವ್ವನ ಹತ್ತಿರ ತೊಡೆ ಚಿವುಟಿಸಿಕೊಂಡಿದ್ದೇನೆ. ಅದಕ್ಕಿಂತ ಗಟ್ಟಿಯಾದ ಪಾಠ ನನಗೆ ಆಮೇಲೆ ಯಾವ ಕಾಲೇಜಿನಲ್ಲೂ ಸಿಗಲಿಲ್ಲ.

ಈ ರೂಢಿಯ ಮೇಲೇ ನನ್ನ ವೃತ್ತಿ ನಿಂತಿತ್ತು ಎಂದರೆ ಸುಳ್ಳಲ್ಲ. ಆಗ ಕಂಪನಿಯವರು ಕಾರಿನಲ್ಲಿ ಬೆಂಗಳೂರಿನಿಂದ ಬರುತ್ತಿದ್ದರು. ಒಂದು ಸಲ ಉತ್ತರದ ಕಡೆಯ ಯುವಕನೊಬ್ಬ ಬಂದ. ತೆಳ್ಳಗೆ, ಬೆಳ್ಳಗೆ, ಎದೆಯ ಮೇಲೆ ಗುರುತಿನ ಪಟ್ಟಿ. ನಮ್ಮ ಕ್ಯಾಂಟೀನಿನ ಪುಟ್ಟಮ್ಮ ಎಲೆ ಹಾಕಿ ಮುದ್ದೆ, ಹಿತಕಿದಬೇಳೆ ಸಾರು ಬಡಿಸಿದಳು. ಒಂದು ಮುದ್ದೆ ಹೇಗೋ ಮುಗಿಸಿದ. ಇನ್ನೊಂದು ತಂದಳು. "ನೋ ನೋ" ಎಂದ. ಅವನು ಮರ್ಯಾದೆಗೆ ಹೇಳುತ್ತಿದ್ದಾನೆ ಎಂದುಕೊಂಡು ಪುಟ್ಟಮ್ಮ ಎಲೆಗೆ ಹಾಕಿಬಿಟ್ಟಳು. ಮೂರನೆಯದಕ್ಕೆ ಅವನು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡ. "ನಾಚ್ಕೆ ಸೊಬಾವ, ಪಾಪ" ಎನ್ನುತ್ತ ಪುಟ್ಟಮ್ಮ ಬೆರಳುಗಳ ಸಂದಿಯಲ್ಲೇ ಸಾರು ಬಿಟ್ಟಳು. ಆ ಮಧ್ಯಾಹ್ನ ಆತ ಸಂದರ್ಶನ ನಡೆಸಿದ್ದು ನಮ್ಮ ಸಿಕ್ ರೂಮಿನ ಮಂಚದ ಮೇಲೆ ಒರಗಿಕೊಂಡು. ಎದುರಿಗೆ ಬಂದ ಹುಡುಗರನ್ನೆಲ್ಲ ಒಂದೊಂದೇ ಪ್ರಶ್ನೆ ಕೇಳಿ "ಓಕೆ, ಓಕೆ" ಎಂದು ಕಳಿಸಿದ. ನಮ್ಮ ಕಾಲೇಜಿನಿಂದ ಅಷ್ಟೊಂದು ಜನ ಒಂದೇ ಕಂಪನಿಗೆ ಆಯ್ಕೆಯಾದದ್ದು ಅದೇ ಮೊದಲು, ಅದೇ ಕೊನೆ. ಪ್ರಿನ್ಸಿಪಾಲರು ಪತ್ರಿಕೆಯವರನ್ನು ಕರೆಸಿ ಇದು ಗುಣಮಟ್ಟದ ಶಿಕ್ಷಣದ ಫಲ ಎಂದು ಹೇಳಿಕೆ ಕೊಟ್ಟರು. ಪುಟ್ಟಮ್ಮನ ಹೆಸರು ಎಲ್ಲೂ ಬರಲಿಲ್ಲ.

ಇನ್ನು ಹುಡುಗರಿಗೆ ತರಬೇತಿ ಕೊಡುವುದು. ನಮ್ಮ ಮಕ್ಕಳಿಗೆ ತಮ್ಮನ್ನು ತಾವು ಹೊಗಳಿಕೊಳ್ಳಲು ಬರುವುದಿಲ್ಲ, ಸಂದರ್ಶನ ಎಂದರೆ ಪೂರಾ ಅದೇ. ಹೊಳೆನರಸೀಪುರದ ಒಬ್ಬ ಹುಡುಗನನ್ನು ಕಂಪನಿಯವರು, "ನಿನ್ನನ್ನೇ ಯಾಕೆ ತೆಗೆದುಕೊಳ್ಳಬೇಕು?" ಎಂದು ಕೇಳಿದರು. ನಾನು ಅವನಿಗೆ ತಿಂಗಳುಗಟ್ಟಲೆ ಉರು ಹೊಡೆಸಿದ ಉತ್ತರ ಇತ್ತು. ಆ ಗಳಿಗೆಯಲ್ಲಿ ಅವನ ಬಾಯಿಂದ ಬಂದದ್ದು, "ತಗಳಿ ಅಂತ ನಾನೆಂಗೆ ಏಳಾದು ಸಾ? ನೀವೇ ನೋಡ್ಬುಟ್ಟು ಏಳ್ಬೇಕು." ಇನ್ನೊಬ್ಬ, "ಐದು ವರ್ಷದ ನಂತರ ನೀನು ಎಲ್ಲಿರಬೇಕೆಂದು ಬಯಸುತ್ತೀಯ?" ಎಂದದ್ದಕ್ಕೆ ಎದ್ದು ನಿಂತು, "ಎಲ್ ಆಕುದ್ರೂ ಓಗ್ತೀನಿ ಸಾ. ಹಾಸನ ಕಡೇಗೇ ಆಕುದ್ರೆ ಅನ್ಕೂಲ" ಎಂದ. ಇಬ್ಬರಿಗೂ ಕೆಲಸ ಸಿಕ್ಕಿತು. ಎದುರಿಗೆ ಕೂತವನು ಮನುಷ್ಯನಾಗಿದ್ದ, ನಕ್ಕ, ನಕ್ಕ ಮೇಲೆ ಹೇಗೆ ಬೇಡ ಎನ್ನುತ್ತಾನೆ?

ಆಮೇಲೆ ಕಾಲ ಬದಲಾಯಿತು. ಕಾರುಗಳು ಬರುವುದು ನಿಂತಿತು. ಎಲ್ಲವೂ ಪರದೆಯ ಮೇಲೆ. ಪುಟ್ಟಮ್ಮ ಅವರೆಕಾಯಿ ಕಾಲದಲ್ಲಿ ನನ್ನ ಆಫೀಸಿನ ಬಾಗಿಲಿಗೆ ಬಂದು, "ಈ ಸಲನೂ ಯಾರೂ ಬರಾಕಿಲ್ವಾ ಮೇಡಮ್ಮ? ಕಂಪ್ನಿಯೋರು ಉಣ್ಣಾದೇ ಬುಟ್ಬುಟ್ರಾ?" ಎಂದು ಕೇಳಿ ಹೋಗುತ್ತಿದ್ದಳು. ಪ್ರಿನ್ಸಿಪಾಲರಿಗೆ ಮಾತ್ರ ಇದರಿಂದ ತೊಂದರೆಯೇನೂ ಆಗಲಿಲ್ಲ. ಅವರ ಪ್ರೀತಿಯೆಲ್ಲ ಫ್ಲೆಕ್ಸ್ ಮೇಲೆ. ಯಾರಾದರೂ ವಿದ್ಯಾರ್ಥಿ ಯಾವುದಾದರೂ ಕಂಪನಿಗೆ ಅರ್ಜಿ ಹಾಕಿದ ಎಂದು ಕಿವಿಗೆ ಬಿದ್ದರೆ ಸಾಕು, ಡೇರಿ ಸರ್ಕಲ್‌ನಲ್ಲಿ ಅಭಿನಂದನೆಯ ಫ್ಲೆಕ್ಸ್ ಎದ್ದು ನಿಲ್ಲುತ್ತಿತ್ತು.

ನಾನು ನಿವೃತ್ತಿಯಾಗುವ ವರ್ಷ ಬಂದದ್ದು ನಯನಾಳ ಪ್ರಕರಣ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ನಯನಾ ಕಂಪ್ಯೂಟರ್ ಸೈನ್ಸ್ ಹುಡುಗಿ, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನವಳು. ಅಪ್ಪ ನಂಜೇಗೌಡರದು ಅಲ್ಲಿ ಹಿಟ್ಟಿನ ಗಿರಣಿ. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಹುಡುಗಿ ಬುದ್ಧಿವಂತೆ, ಜೊತೆಗೆ ಹಟಮಾರಿ. ಅವಳಿಗೆ ಹೊಳೆನರಸೀಪುರದಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಹಾರ್ಡ್‌ವೇರ್ ಅಂಗಡಿ, ಅನುಕೂಲಸ್ಥರು. ನಯನಾ ಒಲ್ಲೆ ಎಂದಳು. ಮನೆಯವರು ನಾಚಿಕೆ ಎಂದುಕೊಂಡರು. ಕೊನೆಗೆ ನಂಜೇಗೌಡರು ಒಂದು ತೀರ್ಮಾನ ಕೊಟ್ಟರು: "ದೊಡ್ ಕಂಪ್ನೀಲಿ ಕೆಲ್ಸ ಸಿಕ್ತೋ, ಮದ್ವೆ ಮಾತು ಸದ್ಯಕ್ಕೆ ಎತ್ತಾಕಿಲ್ಲ. ಸಿಗ್ನಿಲ್ವೋ, ವೈಸಾಕಕ್ಕೆ ಧಾರೆ." ಆ ಹುಡುಗಿಗೆ ಸಂದರ್ಶನ ಎಂದರೆ ಏನಾಗಿತ್ತು ಎಂದು ಇಷ್ಟರಲ್ಲೇ ತಿಳಿಯುತ್ತದೆ.

ಕಂಪನಿ ಯಾವುದೆಂದು ಹೇಳುವುದಿಲ್ಲ. ಬಹಳ ದೊಡ್ಡದು, ನಿಮ್ಮ ಜೇಬಿನಲ್ಲಿರುವ ಫೋನಿನಲ್ಲೂ ಅವರದೇನಾದರೂ ಇದ್ದೇ ಇರುತ್ತದೆ ಎಂದರೆ ಸಾಕು. ಅವರ ಸಂದರ್ಶನ ಸುತ್ತು ಸುತ್ತಾಗಿ ಬರುತ್ತಿತ್ತು. ಮೊದಲು ಪರೀಕ್ಷೆ. ಆಮೇಲೆ ಪ್ರೋಗ್ರಾಂ ಬರೆಸುವುದು. ಆಮೇಲೆ "ಬೆಂಗಳೂರಿನಲ್ಲಿ ಒಟ್ಟು ಎಷ್ಟು ಕಿಟಕಿಗಳಿವೆ?" ಎಂದು ಕೇಳುವುದು. ಬೆಂಗಳೂರಿನ ಕಿಟಕಿ ಕಟ್ಟಿಕೊಂಡು ಇವರಿಗೇನಾಗಬೇಕು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಇನ್ನೊಂದು ಸುತ್ತಿನಲ್ಲಿ ಒಬ್ಬ ಮನುಷ್ಯ ಬರಬೇಕಿತ್ತು. ನಯನಾ ಬೆಳಗ್ಗೆಯಿಂದ ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಪರದೆಯ ಮುಂದೆ ಕೂತಿದ್ದಳು. ಆತ ಬರಲೇ ಇಲ್ಲ. ಸಂಜೆ ಮೇಲ್ ಬಂತು, ಅಭ್ಯರ್ಥಿ ಗೈರುಹಾಜರಾಗಿದ್ದಾರೆ ಎಂದು. ನಾನು ಜಗಳ ಆಡಿ ಮತ್ತೆ ಸಮಯ ಕೊಡಿಸಿದೆ. ಈ ಸಲ ಬಂದ. ಮುಖ ತೋರಿಸಲಿಲ್ಲ, ಕ್ಯಾಮೆರಾ ಆರಿಸಿಕೊಂಡು ಏನೋ ಕುರುಕಲು ತಿನ್ನುವ ಸದ್ದು ಮಾಡುತ್ತ ಪ್ರಶ್ನೆ ಕೇಳಿದ. ಅವಳು ಅದನ್ನೂ ಗೆದ್ದಳು. ನಮ್ಮ ಕಾಲೇಜಿನಿಂದ ಆ ಕಂಪನಿಯ ಕೊನೆಯ ಸುತ್ತು ತಲುಪಿದವರು ಬೇರೆ ಯಾರೂ ಇರಲಿಲ್ಲ. ಡೇರಿ ಸರ್ಕಲ್‌ನಲ್ಲಿ ಅವಳ ಎರಡು ಜಡೆಯ ಹಳೇ ಫೋಟೋ ಹಾಕಿದ ಫ್ಲೆಕ್ಸ್ ಮಾರನೇ ದಿನವೇ ಬಂತು.

ಕೊನೆಯ ಸುತ್ತಿಗೆ ಮನುಷ್ಯರಿಲ್ಲ, ಯಂತ್ರ. ಮಾತಾಡುವ ಯಂತ್ರ, ಹೆಣ್ಣಿನ ಧ್ವನಿ. ಅದಕ್ಕೆ ಕಂಪನಿಯವರು ಏನೋ ಮುದ್ದಾದ ಹೆಸರಿಟ್ಟಿದ್ದರು. ನಮ್ಮ ಹುಡುಗರು ಅದನ್ನು "ಅಮ್ಮಾವ್ರು" ಎನ್ನುತ್ತಿದ್ದರು. ಆ ವರ್ಷದ ವಿಶೇಷವೆಂದರೆ ಅಭ್ಯರ್ಥಿಯ ತಾಯ್ನುಡಿಯಲ್ಲೇ ಸಂದರ್ಶನ. ಕನ್ನಡ ಬೇಕೆಂದರೆ ಕನ್ನಡ. ಪ್ರಿನ್ಸಿಪಾಲರು ಪುಳಕಿತರಾದರು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಮಕ್ಕಳು ತಮ್ಮ ಮಾತಿನಲ್ಲಿ ಮಾತಾಡಿದರೆ ಸೋಲುವುದುಂಟೆ ಎಂದುಕೊಂಡೆ.

ನನ್ನ ಆಫೀಸಿನಲ್ಲೇ ಕೂರಿಸಿದೆ. ನಾನು ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಬೀರುವಿನ ಪಕ್ಕ ಕೂತೆ. ಅಮ್ಮಾವ್ರು ಒಂದೊಂದಾಗಿ ಕೇಳಿತು, ಇವಳು ಚೆನ್ನಾಗಿ ಹೇಳಿದಳು. ಮೊದಮೊದಲು ಪುಸ್ತಕದ ಕನ್ನಡ, ಬರಬರುತ್ತ ಧೈರ್ಯ ಬಂದು ಬಾಗೂರಿನ ಕನ್ನಡ. ಯಂತ್ರ ಎಂಬುದನ್ನೇ ಮರೆತು ಅವಳು ಯಾರೋ ದೊಡ್ಡಮ್ಮನ ಜೊತೆ ಮಾತಾಡುವ ಹಾಗೆ ಮಾತಾಡತೊಡಗಿದಳು. ಕೊನೆಗೆ ಅಮ್ಮಾವ್ರು ಹೇಳಿತು:

"ಅಭಿನಂದನೆಗಳು. ನೀವು ಎಲ್ಲಾ ಸುತ್ತುಗಳಲ್ಲಿ ಯಶಸ್ವಿಯಾಗಿದ್ದೀರಿ. ನಿಮ್ಮ ಉದ್ಯೋಗದ ಪತ್ರವನ್ನು ಈಗಲೇ ಕಳುಹಿಸಲೇ?"

ನಯನಾ ಮುಖ ಅರಳಿಸಿಕೊಂಡು ಎರಡೂ ಕೈ ಎದೆಗಿಟ್ಟುಕೊಂಡಳು.

"ಅಯ್ಯೋ, ಈಗ್ಲೇ ಬ್ಯಾಡಿ ಮೇಡಂ! ನಿಮಗ್ಯಾಕೆ ತೊಂದ್ರೆ, ಪರ್ವಾಗಿಲ್ಲ ಬುಡಿ."

ನನಗೇನೂ ಗಾಬರಿಯಾಗಲಿಲ್ಲ. ನಾನೂ ಅದು ಎರಡನೇ ಸಲ ಕೇಳಲಿ ಎಂದು ಕಾಯುತ್ತಿದ್ದೆ.

"ಧನ್ಯವಾದಗಳು. ನಿಮ್ಮ ನಿರ್ಧಾರವನ್ನು ನಾವು ಗೌರವಿಸುತ್ತೇವೆ" ಎಂದಿತು ಅಮ್ಮಾವ್ರು. ಪರದೆ ಕಪ್ಪಾಯಿತು.

ಇಬ್ಬರೂ ಆ ಕಪ್ಪು ಪರದೆಯನ್ನೇ ನೋಡುತ್ತ ಕೂತೆವು. "ಇನ್ನೊಂದ್ ಸಲ ಕೇಳ್ತದೆ ಅಲ್ವಾ ಮೇಡಂ?" ಎಂದಳು. "ಕೇಳುತ್ತೆ ಕಣಮ್ಮ" ಎಂದೆ. ಅರ್ಧ ಗಂಟೆಯಲ್ಲಿ ಮೇಲ್ ಬಂತು. ನೀವು ಉದ್ಯೋಗವನ್ನು ನಿರಾಕರಿಸಿದ್ದೀರಿ, ನಿಯಮದ ಪ್ರಕಾರ ಮುಂದಿನ ಒಂದು ವರ್ಷ ಅರ್ಜಿ ಹಾಕುವಂತಿಲ್ಲ, ನಿಮ್ಮ ಭವಿಷ್ಯ ಉಜ್ವಲವಾಗಲಿ.

ಇಲ್ಲಿಂದ ಮುಂದೆ ನಾನು ಪಟ್ಟ ಪಾಡನ್ನು ಈ ಕೆಲಸಕ್ಕೆ ಬರುವವರು ಗಮನವಿಟ್ಟು ಓದಬೇಕು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲೂ ಅಮ್ಮಾವ್ರದೇ ಧ್ವನಿ. ನಾನು ಮೂರನೇ ಮಹಡಿಗೆ ಕೇಳಿಸುವ ಗಂಟಲಿನಲ್ಲಿ, "ಆ ಹುಡುಗಿ ಬೇಡ ಅಂದಿದ್ದು ಬೇಕು ಅಂತ" ಎಂದು ವಿವರಿಸಿದೆ. "ನಿಮ್ಮ ಮಾತು ನನಗೆ ಅರ್ಥವಾಯಿತು. ಬೇರೆ ಏನಾದರೂ ಸಹಾಯ ಬೇಕೇ?" ಎಂದಿತು. ಕೂಗಾಡಿದೆ. "ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಎಂದಿತು. ಮೇಲ್ ಬರೆದೆ. ನಿಮ್ಮ ದೂರನ್ನು ಪರಿಹರಿಸಲಾಗಿದೆ ಎಂದು ಉತ್ತರ ಬಂತು, ಏನು ಪರಿಹರಿಸಿದರು ಎಂದು ಇರಲಿಲ್ಲ. ಅಷ್ಟು ದೊಡ್ಡ ಕಂಪನಿಯಲ್ಲಿ ಮನುಷ್ಯ ಅಂತ ಒಬ್ಬ ಇದ್ದಾನೋ ಇಲ್ಲವೋ ಎಂದು ಹುಡುಕುವುದೇ ನನ್ನ ಕೆಲಸವಾಯಿತು.

ಪ್ರಿನ್ಸಿಪಾಲರ ಚಿಂತೆ ಬೇರೆ ಇತ್ತು. "ಫ್ಲೆಕ್ಸ್ ಏನ್ಮಾಡೋದು ಮೇಡಂ?" ಎಂದರು. ಕೊನೆಗೆ ನಯನಾಳ ಮುಖದ ಮೇಲೆ ಗೇಟ್ ಪರೀಕ್ಷೆ ಬರೆದು ಸೀಟು ಗಿಟ್ಟಿಸಿದ ಇನ್ನೊಬ್ಬ ಹುಡುಗನ ಫೋಟೋ ಅಂಟಿಸಿದರು. ಅಂಟಿಸಿದವನು ಅಳತೆ ಸರಿಯಾಗಿ ನೋಡಿರಲಿಲ್ಲ. ಆ ಹುಡುಗನ ಕಿವಿಯ ಎರಡೂ ಪಕ್ಕ ನಯನಾಳ ಜಡೆಗಳು ಇಳಿಬಿದ್ದುಕೊಂಡು ಬಹಳ ದಿನ ಹಾಸನದ ಜನಕ್ಕೆ ಪುಕ್ಕಟೆ ಮನರಂಜನೆಯಾಯಿತು.

ಒಂದು ಮಧ್ಯಾಹ್ನ ನಯನಾ ನನ್ನ ಎದುರು ಬಂದು ಕೂತಳು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು.

"ಮೇಡಂ, ಮನೇಲಿ ಬ್ಯಾಡ ಬ್ಯಾಡ ಅಂತ ಬಾಯ್ ನೋಯೋವರ್ಗೂ ಅಂದೆ. ನಾಚ್ಕತಾವ್ಳೆ ಅಂತ ನಗಾಡುದ್ರು. ಇಲ್ಲಿ ಒಂದ್ ಸಲ ಬಾಯ್ ತಪ್ಪಿ ಅಂದೆ, ಬಾಗ್ಲು ಆಕ್ಬುಟ್ರು. ನನ್ ಮಾತು ನಂಗೆ ಕೆಡುಕಾಗೋ ಕಡೆ ಮಾತ್ರ ನಡೀತದಾ?"

ಎಷ್ಟೋ ವರ್ಷ ಹುಡುಗಿಯರಿಗೆ ಸಂದರ್ಶನದಲ್ಲಿ ಹೇಗೆ ಕೂರಬೇಕು, ಹೇಗೆ ನಗಬೇಕು ಎಂದು ಹೇಳಿಕೊಟ್ಟಿದ್ದೆ. ಬೇಡ ಎಂದರೆ ಬೇಡ ಎಂದೇ ಜನ ತಿಳಿಯುವ ಹಾಗೆ ಹೇಗೆ ಹೇಳಬೇಕು ಎಂದು ಯಾರೂ ಕೇಳಿರಲಿಲ್ಲ. ನನ್ನ ಮದುವೆಯಲ್ಲಿ ನನ್ನನ್ನೂ ಯಾರೂ ಸರಿಯಾಗಿ ಕೇಳಲಿಲ್ಲ ಎಂಬುದು ಆವತ್ತು ನೆನಪಾಯಿತು. ನನ್ನ ಗಂಡ ಒಳ್ಳೆಯವರೇ, ಆ ಮಾತು ಬೇರೆ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ ಹಾಗೆ ಆ ಕಂಪನಿಯಿಂದ ಒಬ್ಬ ಮನುಷ್ಯ ಬರುತ್ತಾನೆ ಎಂದು ಸುದ್ದಿ ಬಂತು. ಕಿರಣ್ ಎಂದು ಹೆಸರು, ಕಾಲೇಜುಗಳಿಂದ ಹುಡುಗರನ್ನು ಆರಿಸುವ ವಿಭಾಗದ ಮುಖ್ಯಸ್ಥ. ನಮ್ಮಲ್ಲಿ ಏನೋ ತರಬೇತಿ ಕೇಂದ್ರ ತೆರೆಯುವ ಒಪ್ಪಂದಕ್ಕೆ ಸಹಿ ಹಾಕಲು ಬರುತ್ತಿದ್ದ. ಪ್ರಿನ್ಸಿಪಾಲರು ಹಾರ ತರಿಸಿದರು. ನಾನು ಕ್ಯಾಂಟೀನಿಗೆ ಹೋಗಿ ಪುಟ್ಟಮ್ಮನಿಗೆ, "ಅವತ್ತು ಒಳ್ಳೆ ಅಡುಗೆ ಆಗಬೇಕು. ಹಿತಕಿದಬೇಳೆ ಸಾರು, ಒಬ್ಬಟ್ಟು, ಎಲ್ಲ. ಆದರೆ ಬಂದವರನ್ನ ಊಟಕ್ಕೆ ಒಂದೇ ಸಲ ಕೇಳಬೇಕು" ಎಂದೆ.

ಪುಟ್ಟಮ್ಮನ ಕೈಯ ಸೌಟು ನಿಂತಿತು. "ಒಂದೇ ಸಲ್ವಾ? ಅಂಗಂದ್ರೆ ಎದ್ದೋಗು ಅಂದಂಗೆ ಕಣ್ ಮೇಡಮ್ಮ. ನಂಗ್ ಪಾಪ ಬತ್ತದೆ."

"ಬರಲಿ" ಎಂದೆ.

ಆತ ಬಂದ. ಟೀ ಷರ್ಟು, ಬಿಳೀ ಬೂಟು, ಇಂಗ್ಲಿಷಿನ ನಡುವೆ ಅಲ್ಲಲ್ಲಿ ಬೆಂಗಳೂರು ಕನ್ನಡ. ಸಹಿ, ಫೋಟೋ, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಮೇಜಿನ ಮೇಲೆ ಎಲೆ ಹಾಕಿತ್ತು. ಸಾರಿನ ವಾಸನೆ ಮೂರನೇ ಮಹಡಿಗೆ ಹೋಗುವಷ್ಟಿತ್ತು. ನಾನೇ ಕೇಳಿದೆ.

"ಊಟ ಮಾಡ್ತೀರಾ ಸಾರ್?"

"ಅಯ್ಯೋ ಬೇಡಿ ಮೇಡಂ, ದಾರೀಲಿ ಏನೋ ತಿಂದ್ಕೊಂಡು ಬಂದೆ" ಎಂದ, ಕಣ್ಣು ಒಬ್ಬಟ್ಟಿನ ಮೇಲೆ.

"ಧನ್ಯವಾದಗಳು ಸಾರ್. ನಿಮ್ಮ ನಿರ್ಧಾರವನ್ನು ನಾವು ಗೌರವಿಸುತ್ತೇವೆ" ಎಂದು ಅವನ ಮುಂದಿನ ಎಲೆ ತೆಗೆದುಬಿಟ್ಟೆ.

ಪ್ರಿನ್ಸಿಪಾಲರ ಮುಖ ನೋಡಬೇಕಿತ್ತು. ಬಾಯಿ ತೆರೆದರು, ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ವೃತ್ತಿಯಲ್ಲಿ ಮೇಲಧಿಕಾರಿಯ ಕಾಲು ತುಳಿದದ್ದು ಅದೊಂದೇ ಸಲ, ಅದರ ಬಗ್ಗೆ ನನಗೆ ಬೇಸರವಿಲ್ಲ. ನಾವು ಉಣ್ಣತೊಡಗಿದೆವು. ಪುಟ್ಟಮ್ಮ ಒಬ್ಬಟ್ಟಿನ ಮೇಲೆ ತುಪ್ಪ ಹಾಕುವಾಗ ಕಿರಣ್‌ನ ಗಂಟಲು ಮೇಲೆ ಕೆಳಗೆ ಹೋಗುವುದು ನನಗೆ ಕಾಣುತ್ತಿತ್ತು. ನೀರು ಕುಡಿದ. ಫೋನ್ ನೋಡಿದ. ಇನ್ನೊಂದು ಸಲ ನೀರು ಕುಡಿದ. ಪುಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೊನೆಗೆ ಅವನ ಬೆಂಗಳೂರು ಕನ್ನಡ ಕಳಚಿಬಿತ್ತು. "ಅಲ್ಲ ಮೇಡಂ, ನಮ್ಮೂರ್ ಕಡೆ ಇನ್ನೊಂದ್ ಸಲ ಕೇಳ್ತಾರೆ."

"ಯಾವೂರು ಸಾರ್?"

"ಹೊಳೆನರಸೀಪುರದತ್ರ ಒಂದಳ್ಳಿ."

"ನಿಮ್ಮ ಕಂಪನಿ ಕೇಳಲ್ಲವಲ್ಲ ಸಾರ್" ಎಂದು ನಯನಾಳ ಕಥೆಯನ್ನು ಮೊದಲಿಂದ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ತಲೆ ಮೇಲೆ ಕೈ ಹೊತ್ತುಕೊಂಡ. ಪುಟ್ಟಮ್ಮ ನನ್ನ ಅಪ್ಪಣೆಗೂ ಕಾಯದೆ ಎಲೆ ಹಾಕಿ, "ಉಣ್ಣಪ್ಪ, ಉಣ್ಣು" ಎಂದು ಬಡಿಸಿದಳು. ಅವನು ಬೇಡ ಎನ್ನಲಿಲ್ಲ.

ಕೈ ತೊಳೆದ ಮೇಲೆ ಕೇಳಿದೆ, "ಈಗ ಆ ಹುಡುಗಿಗೆ ಕೆಲಸ ಕೊಡಿಸ್ತೀರಾ?" ಅವನ ಮುಖ ಸಣ್ಣದಾಯಿತು. "ನನ್ ಕೈಲಾಗಲ್ಲ ಮೇಡಂ. ಒಂದ್ ಸಲ ನಿರಾಕರಣೆ ಅಂತ ಬಿದ್ರೆ ಅದನ್ನ ಅಳಿಸೋ ಬಟನ್ನೇ ಇಲ್ಲ. ನನ್ ರಜಾನೂ ಅದೇ ಯಂತ್ರಾನೇ ಕೊಡೋದು." ಮುಖ್ಯಸ್ಥ ಎಂದರೆ ಇಷ್ಟೇ ಎಂದು ಆಗ ತಿಳಿಯಿತು. ವರದಿ ಬರೆಯುತ್ತೇನೆ ಎಂದು ಹೇಳಿ, ಪುಟ್ಟಮ್ಮ ಕಟ್ಟಿಕೊಟ್ಟ ಒಬ್ಬಟ್ಟು ತೆಗೆದುಕೊಂಡು ಹೋದ.

ವರದಿ ಬರೆದನಂತೆ. ಅದರ ಫಲವಾಗಿ ಕಂಪನಿಯವರು ದೊಡ್ಡ ಪ್ರಕಟಣೆ ಹೊರಡಿಸಿದರು. ಪ್ರಾದೇಶಿಕ ಸಂಸ್ಕೃತಿಯನ್ನು ಅರಿತ ಪ್ರಪಂಚದ ಮೊದಲ ಸಂದರ್ಶನ ಯಂತ್ರ ತಮ್ಮದು, ಇನ್ನು ಮುಂದೆ ಅದು ಉದ್ಯೋಗದ ಪತ್ರ ಬೇಕೇ ಎಂದು ಮೂರು ಸಲ ಕೇಳುತ್ತದೆ ಎಂದು. ಕಿರಣ್‌ಗೆ ಒಂದು ಗಾಜಿನ ಫಲಕ ಕೊಟ್ಟು ಫೋಟೋ ತೆಗೆದರು. ನಮ್ಮ ಕಾಲೇಜಿಗೆ ಧನ್ಯವಾದದ ಮೇಲ್ ಬಂತು, ಪ್ರಿನ್ಸಿಪಾಲರು ಅದನ್ನೂ ಫ್ಲೆಕ್ಸ್ ಮಾಡಿಸಿದರು. ಇಷ್ಟಕ್ಕೆಲ್ಲ ಕಾರಣಳಾದ ಹುಡುಗಿ ಮಾತ್ರ ಒಂದು ವರ್ಷ ಅರ್ಜಿ ಹಾಕುವಂತಿರಲಿಲ್ಲ. ಈ ಅನ್ಯಾಯ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವೈಶಾಖ ಹತ್ತಿರ ಬಂತು. ಕೆಲಸ ಸಿಗಲಿಲ್ಲ, ಇನ್ನು ಮಾತಿನ ಪ್ರಕಾರ ಮದುವೆ. ಹೊಳೆನರಸೀಪುರದವರು ಒಪ್ಪಿಗೆಯ ಶಾಸ್ತ್ರಕ್ಕೆ ಬರುತ್ತಾರೆ ಎಂದಾಗ ನಯನಾ ಫೋನ್ ಮಾಡಿದಳು. "ನೀವೊಬ್ರು ಬಂದು ಕೂತ್ಕಳಿ ಮೇಡಂ, ಸಾಕು. ಮಾತಾಡೋದು ನಾನು ಆಡ್ತೀನಿ."

ಬಾಗೂರಿಗೆ ಹೋದೆ. ಆವತ್ತು ಗಿರಣಿ ನಿಲ್ಲಿಸಿದ್ದರು. ನಡುಮನೆಯಲ್ಲಿ ಜಮಖಾನೆ, ತಟ್ಟೆ ತುಂಬ ಕೋಡುಬಳೆ, ರವೆ ಉಂಡೆ. ಗಂಡಿನ ಕಡೆಯವರು ಒಂದು ಸಾಲು, ಇವರು ಒಂದು ಸಾಲು. ನಂಜೇಗೌಡರು ಬಿಳೀ ಪಂಚೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ಅವರ ತಾಯಿ ಕಾಳಮ್ಮ, ಆ ಮನೆಯಲ್ಲಿ ಕೊನೆಯ ಮಾತು ಆಕೆಯದು. ನಯನಾ ಬಂದು ಚಾಪೆಯ ಮೇಲೆ ಕೂತಳು. ಹುಡುಗನ ತಾಯಿ ಪ್ರೀತಿಯಿಂದಲೇ ಕೇಳಿದರು, "ಏನವ್ವ, ನಮ್ಮುಡ್ಗ ನಿಂಗೆ ಒಪ್ಗೆನಾ?"

"ಬ್ಯಾಡ" ಎಂದಳು ನಯನಾ.

ಎಲ್ಲರೂ ನಕ್ಕರು. "ಮೊದುಲ್ನೇ ಸಲ ಎಲ್ರೂ ಅಂಗೇ ಅನ್ನಾದು, ನಾನೂ ಅಂಗೇ ಅಂದಿದ್ದೆ" ಎಂದು ಕಾಳಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕರು. ಹುಡುಗನ ತಾಯಿ ಮತ್ತೆ, "ನಾಚ್ಕಬ್ಯಾಡ ಏಳವ್ವ, ಒಪ್ಗೆ ತಾನೆ?" ಎಂದರು.

"ಬ್ಯಾಡ."

ಈ ಸಲ ನಗು ಕಡಿಮೆ ಇತ್ತು. ಯಾರೋ "ಎರಡಾಯ್ತು" ಎಂದರು. ನನ್ನ ನಾಲಿಗೆ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ನುಂಗಿಕೊಂಡೆ, ಮಾತಾಡುವುದಿಲ್ಲ ಎಂದು ಒಪ್ಪಿದ್ದೆನಲ್ಲ. ನಯನಾ ಅಪ್ಪನ ಕಡೆ ತಿರುಗಿ ನೋಡಿದಳು.

"ಅಪ್ಪಾ, ಮೂರ್ನೇ ಸಲ ನೀನೇ ಕೇಳು. ಮೂರ್ನೇ ಸಲ ಏಳಿದ್ದೇ ನಿಜ ಅಂತ ನೀವೇ ಕಲ್ಸಿರಾದು. ಆ ಯಂತ್ರ ಒಂದ್ ಸಲಕ್ಕೇ ನನ್ ಮಾತು ನಂಬ್ತು. ನೀನು ನನ್ ಎತ್ತ ಅಪ್ಪ. ಕೇಳು."

ನಂಜೇಗೌಡರು ಬೀಗರನ್ನು ನೋಡಿದರು, ತಾಯಿಯನ್ನು ನೋಡಿದರು. ಗಿರಣಿಯ ಸದ್ದಿಲ್ಲದ ಆ ಮನೆ ಎಷ್ಟು ಸುಮ್ಮನಿತ್ತೆಂದರೆ ಹಿತ್ತಿಲಿನ ಕೋಳಿ ಕೆದಕುವುದು ಕೇಳಿಸುತ್ತಿತ್ತು. ಕೊನೆಗೆ, ಆ ಮನೆ ಯಾವತ್ತೂ ಕೇಳಿರದ ಸಣ್ಣ ದನಿಯಲ್ಲಿ, "ಬೇಕಾ ಮಗ?" ಎಂದರು.

"ಬ್ಯಾಡ ಅಪ್ಪ."

ಅವರು ತಲೆ ತಗ್ಗಿಸಿ ಕೂತರು. ಆಮೇಲೆ ಬೀಗರ ಕಡೆ ತಿರುಗಿ ಕೈ ಮುಗಿದರು. "ತಪ್ ತಿಳ್ಕಬ್ಯಾಡಿ. ಮೂರ್ ಸಲ ಕೇಳಾಯ್ತು."

ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಆಡುವಂತಿರಲಿಲ್ಲ, ರೂಢಿ ಅವರದೂ ಅದೇ ತಾನೆ. ಗಂಡಿನ ಕಡೆಯವರು ಎದ್ದರು. ಹುಡುಗ ಮಾತ್ರ ಅಷ್ಟೇನೂ ನೊಂದುಕೊಂಡಂತೆ ಕಾಣಲಿಲ್ಲ, ಹೋಗುವಾಗ ಇನ್ನೊಂದು ಕೋಡುಬಳೆ ತೆಗೆದುಕೊಂಡ. ಅವನನ್ನೂ ಯಾರೂ ಕೇಳಿರಲಿಲ್ಲವೇನೋ.

ನಯನಾ ಈಗ ಹಾಸನದಲ್ಲೇ ಆಲೂಗಡ್ಡೆ ಕೋಲ್ಡ್ ಸ್ಟೋರೇಜುಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯಲ್ಲಿದ್ದಾಳೆ. ಅಲ್ಲಿ ಸಂದರ್ಶನ ಮಾಡಿದವರು ಒಂದು ಆಲೂಗಡ್ಡೆ ಮೂಟೆಯ ಮೇಲೆ ಕೂತು ಮಾಡಿದರಂತೆ. ವರ್ಷ ಕಳೆದ ಮೇಲೆ ದೊಡ್ಡ ಕಂಪನಿಯ ಅಮ್ಮಾವ್ರು ತಾನಾಗಿಯೇ ಫೋನ್ ಮಾಡಿ ಉದ್ಯೋಗದ ಪತ್ರ ಕಳುಹಿಸಲೇ ಎಂದು ಕೇಳಿತಂತೆ. ಹೊಸ ಕ್ರಮದಂತೆ ಮೂರು ಸಲ ಕೇಳಿತು, ಇವಳು ಮೂರು ಸಲವೂ ಒಂದೇ ಉತ್ತರ ಕೊಟ್ಟಳು. ಅದೆಲ್ಲ ಆಮೇಲಿನ ಮಾತು.

ಆವತ್ತು ಬಾಗೂರಿನಲ್ಲಿ ಬೀಗರ ಕಾರು ಹೋದ ಮೇಲೆ ನಾನೂ ಹೊರಡಲು ಎದ್ದೆ. ಕಾಳಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳ ತಲೆ ಕೆಡಿಸಿದವಳು ನಾನೇ ಎಂದು ಆಕೆಯ ಕಣ್ಣು ಹೇಳುತ್ತಿತ್ತು. ಆದರೂ ಮನೆಗೆ ಬಂದವರನ್ನು ಸುಮ್ಮನೆ ಕಳಿಸುವಂತಿಲ್ಲವಲ್ಲ. ಮುಖ ಆ ಕಡೆ ತಿರುಗಿಸಿಕೊಂಡು, "ಕಾಪಿ ಕುಡೀತೀರಾ?" ಎಂದರು. ಇನ್ನೊಂದು ಸಲ ಕೇಳುವ ಇರಾದೆ ಆ ದನಿಯಲ್ಲಿ ಸ್ವಲ್ಪವೂ ಇರಲಿಲ್ಲ.

ಅವ್ವ ಚಿವುಟಿದ ತೊಡೆಯನ್ನು ಒಂದು ಸಲ ಸವರಿಕೊಂಡು ಮತ್ತೆ ಕೂತೆ.

"ಕೊಡಿ" ಎಂದೆ. "ಲೋಟದ ತುಂಬ ಕೊಡಿ."